ವೆಂಬನ್ಯಾಮ ಸೆಂಟರ್ ಜಾಗಕ್ಕೆ ಬಂದ ದಿನ

ಬಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್, ಅಂದರೆ ರಿಂಗಿನ ಹತ್ತಿರದ ಜಾಗ ಕಾಯುವವನಾಗಿ, ಆಡಿದವರು ಪಂದ್ಯ ನೋಡುವ ರೀತಿಯೇ ಬೇರೆ. ಉಳಿದವರ ಕಣ್ಣು ಚೆಂಡಿನ ಹಿಂದೆ ಓಡುತ್ತಿದ್ದರೆ ನಮ್ಮ ಕಣ್ಣು ರಿಂಗಿನ ಕೆಳಗಿನ ತಳ್ಳಾಟದ ಮೇಲಿರುತ್ತದೆ. ಕಾಲೇಜು ತಂಡದಲ್ಲೂ ಆಮೇಲೆ ಕ್ಲಬ್‌ನಲ್ಲೂ ನಾನು ಆಡಿದ್ದು ಆ ಜಾಗದಲ್ಲೇ. ಹಾಗಾಗಿ 2023ರ ಅಕ್ಟೋಬರ್‌ನಲ್ಲಿ ವಿಕ್ಟರ್ ವೆಂಬನ್ಯಾಮ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಪರವಾಗಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಅಂಗಳಕ್ಕೆ ಇಳಿದಾಗ ಎಲ್ಲರೂ ಅವನ ಎತ್ತರದ ಬಗ್ಗೆ ಮಾತಾಡುತ್ತಿದ್ದರೆ, ನನಗಿದ್ದದ್ದು ಒಂದೇ ಪ್ರಶ್ನೆ: ಈ ಹುಡುಗ ಒಳಗೆ ನಿಲ್ಲಬಲ್ಲನೇ?

ಪ್ರಶ್ನೆಗೆ ಕಾರಣವಿತ್ತು. ಫ್ರಾನ್ಸಿನ ಈ ಹತ್ತೊಂಬತ್ತರ ಹುಡುಗ ಏಳು ಅಡಿ ನಾಲ್ಕು ಇಂಚು ಎತ್ತರ, ತೂಕ ಮಾತ್ರ ತೊಂಬತ್ತೈದು ಕೆಜಿ ಆಸುಪಾಸು. ಎನ್‌ಬಿಎಯಲ್ಲಿ ಅವನ ಎದುರಿಗೆ ನಿಲ್ಲುವವರಲ್ಲಿ ನೂರಹತ್ತು, ನೂರಿಪ್ಪತ್ತು ಕೆಜಿಯವರು ಬೇಕಾದಷ್ಟು ಮಂದಿ. ಸೊಂಟದಿಂದ ಒಂದು ಸಲ ಒತ್ತಿದರೆ ಸಾಕು, ಎತ್ತರ ಎಷ್ಟಿದ್ದರೂ ರಿಂಗಿನಿಂದ ಎರಡು ಹೆಜ್ಜೆ ದೂರ ಹೋಗಿಬಿಡುತ್ತೇವೆ. ಆ ಎರಡು ಹೆಜ್ಜೆಯಲ್ಲಿ ರಿಬೌಂಡ್ (ಗುರಿ ತಪ್ಪಿ ಪುಟಿದು ಬರುವ ಚೆಂಡು) ಹೋಗುತ್ತದೆ, ಫೌಲ್ ಬರುತ್ತದೆ.

ಡಲ್ಲಾಸ್ ಮ್ಯಾವರಿಕ್ಸ್ ವಿರುದ್ಧದ ಮೊದಲ ಪಂದ್ಯದಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ಅವನು 15 ಅಂಕ ಗಳಿಸಿದ, ಆದರೆ ಐದು ಫೌಲ್ ಹೊತ್ತುಕೊಂಡು ಬಹಳ ಹೊತ್ತು ಬೆಂಚಿನ ಮೇಲೆ ಕೂರಬೇಕಾಯಿತು. ಆರನೆಯದಾಗಿದ್ದರೆ ಪಂದ್ಯದಿಂದಲೇ ಹೊರಗೆ. ನವೆಂಬರ್ 2ರಂದು ಫೀನಿಕ್ಸ್ ಸನ್ಸ್ ಮೇಲೆ 38 ಅಂಕ ಬಾರಿಸಿದಾಗ ಎಲ್ಲೆಲ್ಲೂ ಅವನದೇ ಸುದ್ದಿ. ಅದರ ಬೆನ್ನಿಗೇ ಸ್ಪರ್ಸ್ ಸೋಲಲು ಶುರುಮಾಡಿತು, ಸತತ 18 ಪಂದ್ಯ ಸೋತಿತು.

ಆ ಮೊದಲ ವಾರಗಳಲ್ಲಿ ಅವನು ಸೆಂಟರ್ ಆಗಿರಲಿಲ್ಲ. ಕೋಚ್ ಗ್ರೆಗ್ ಪೊಪೊವಿಚ್ ಆ ಜಾಗಕ್ಕೆ ಜ್ಯಾಕ್ ಕಾಲಿನ್ಸ್ ಅವರನ್ನು ನಿಲ್ಲಿಸಿ, ಇವನನ್ನು ಪಕ್ಕದಲ್ಲಿ ಫಾರ್ವರ್ಡ್ ಆಗಿ ಆಡಿಸುತ್ತಿದ್ದರು. ಎಳೆಯ ಮೈ, 82 ಪಂದ್ಯಗಳ ಸೀಸನ್, ದಿನಾ ಹೊಡೆತ ತಿನ್ನುವುದು ಬೇಡ ಎಂಬ ಲೆಕ್ಕ ಇದ್ದಿರಬೇಕು. ಲೆಕ್ಕ ನನಗೂ ಸರಿಯೆನಿಸಿತ್ತು. ಆದರೆ ಅಂಗಳದಲ್ಲಿ ಅದು ಕೂಡಿ ಬರಲಿಲ್ಲ. ಕಾಲಿನ್ಸ್ ಒಳಗಿದ್ದರೆ ಇವನು ಹೊರಗೆ ಮೂರು ಪಾಯಿಂಟ್ ಗೆರೆಯ ಹತ್ತಿರ ಅಲೆದಾಡುತ್ತಿದ್ದ. ರಕ್ಷಣೆಯಲ್ಲಿ ಚುರುಕಾದ ಫಾರ್ವರ್ಡ್‌ಗಳ ಹಿಂದೆ ಮೂಲೆಮೂಲೆಗೆ ಓಡಬೇಕಿತ್ತು. ಎಂಟಡಿ ತೋಳು ಚಾಚುವವನನ್ನು ರಿಂಗಿನಿಂದ ಅಷ್ಟು ದೂರ ಇಟ್ಟಿರುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಡಿಸೆಂಬರ್ 8, ಶಿಕಾಗೊ ಬುಲ್ಸ್ ವಿರುದ್ಧದ ಪಂದ್ಯ. ಅಲ್ಲಿ ಶುಕ್ರವಾರ ಸಂಜೆ, ನಮಗೆ ಶನಿವಾರ ಬೆಳಗ್ಗೆ. ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ. ಅವನೂ ತನ್ನ ಕಾಲೇಜು ತಂಡದ ಸೆಂಟರ್. ಕಣ್ಣುಜ್ಜುತ್ತಾ ಬಂದು ಪಕ್ಕದಲ್ಲಿ ಕೂತ.

"ಅಣ್ಣಾ, ದಿನಾ ಸೋಲೋ ಟೀಮನ್ನ ಯಾಕ್ ನೋಡ್ತೀಯಾ?"

"ಇವತ್ತು ಸೆಂಟರ್ ಆಡ್ತಿದಾನೆ ಕಣೋ. ಚೆಂಡು ಬಿಡು, ಅವನ ಕಾಲು ನೋಡು."

ನಿಜಕ್ಕೂ ನೋಡಬೇಕಾದದ್ದು ಕಾಲನ್ನೇ. ಎದುರಾಳಿ ಶಾಟ್ ಎತ್ತಿದ ಕ್ಷಣ ಹೊಸ ಸೆಂಟರ್ ಏನು ಮಾಡುತ್ತಾನೆ? ತಲೆ ಎತ್ತಿ ಚೆಂಡು ನೋಡುತ್ತಾನೆ. ಅಷ್ಟರಲ್ಲಿ ಬೆನ್ನ ಹಿಂದಿದ್ದವನು ಮುಂದೆ ನುಸುಳಿರುತ್ತಾನೆ. ಪಳಗಿದವನು ಮೊದಲು ಮೈಯನ್ನು ಹುಡುಕುತ್ತಾನೆ. ಮೊಣಕೈ ಅಗಲಿಸಿ, ಸೊಂಟ ತಗ್ಗಿಸಿ, ಎದುರಾಳಿಯ ತೊಡೆಗೆ ತನ್ನ ಬೆನ್ನು ತಾಗಿಸಿ, ಅವನನ್ನು ಅಲ್ಲೇ ಕಟ್ಟಿಹಾಕಿ, ಆಮೇಲೆ ನೆಗೆಯುತ್ತಾನೆ. ಇದೇ ಬಾಕ್ಸ್ ಔಟ್. ಅಕ್ಟೋಬರ್‌ನಲ್ಲಿ ವೆಂಬನ್ಯಾಮ ಬಹುಪಾಲು ತೋಳಿನ ಉದ್ದವನ್ನೇ ನಂಬಿ ಮೇಲಿನಿಂದ ಚೆಂಡು ಕೀಳಲು ನೋಡುತ್ತಿದ್ದ. ಆ ಬೆಳಗ್ಗೆ ಅವನು ಮತ್ತೆ ಮತ್ತೆ ಮೊದಲು ಮೈ ತಾಗಿಸಿ ಆಮೇಲೆ ಕೈ ಎತ್ತುವುದನ್ನು ಕಂಡೆ. ಭಾರ ಎದುರಾಳಿಯದೇ ಹೆಚ್ಚು, ಆದರೂ ಮೊಣಕಾಲು ಬಾಗಿದ್ದರಿಂದ ಕದಲಲಿಲ್ಲ.

ರಕ್ಷಣೆಯಲ್ಲಂತೂ ಎಲ್ಲವೂ ತಿರುಗಿ ನಿಂತಿತ್ತು. ಈಗ ಪಿಕ್ ಅಂಡ್ ರೋಲ್ (ಎದುರಾಳಿಯೊಬ್ಬ ಅಡ್ಡ ನಿಂತು ಜೊತೆಗಾರನಿಗೆ ದಾರಿ ಮಾಡಿಕೊಟ್ಟು, ತಾನೂ ರಿಂಗಿನತ್ತ ಓಡುವ ತಂತ್ರ) ಬಂದಾಗ ಅವನು ಚೆಂಡು ತರುವ ಗಾರ್ಡ್ ಮೇಲೆ ನುಗ್ಗದೆ ಹಿಂದೆ ಸರಿದು ರಿಂಗಿನ ಮುಂದೆ ನಿಲ್ಲುತ್ತಿದ್ದ. ಚೆಂಡು ಹಿಡಿದವನಿಗೂ ಗೊತ್ತಾಗುವುದಿಲ್ಲ, ಶಾಟ್ ಹೊಡೆಯಬೇಕೋ ಪಾಸ್ ಕೊಡಬೇಕೋ. ನುಗ್ಗಿ ಬಂದವರು ಅರ್ಧ ದಾರಿಯಲ್ಲಿ ಅವನನ್ನು ಕಂಡು ಚೆಂಡು ಹೊರಗೆ ಎಸೆಯುತ್ತಿದ್ದರು. ಅಂಕಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ. ಎನ್‌ಬಿಎಯಲ್ಲಿ ಯಾರನ್ನೂ ಹತ್ತಿರದಿಂದ ಕಾಯದೆ ರಕ್ಷಕ ಮೂರು ಸೆಕೆಂಡಿಗಿಂತ ಹೆಚ್ಚು ಪೇಂಟ್‌ನಲ್ಲಿ (ರಿಂಗಿನ ಮುಂದೆ ಗುರುತು ಮಾಡಿದ ಜಾಗದಲ್ಲಿ) ನಿಲ್ಲುವ ಹಾಗಿಲ್ಲ, ನಿಂತರೆ ಎದುರಾಳಿಗೆ ಫ್ರೀ ಥ್ರೋ, ಅಂದರೆ ಯಾರೂ ತಡೆಯುವಂತಿಲ್ಲದ ಎಸೆತ. ಹಾಗಾಗಿ ಒಂದು ಕಾಲು ಹೊರಗಿಟ್ಟು ಬರುವುದು, ಮತ್ತೆ ಒಳಗೆ ಜಾರುವುದು, ಇದನ್ನು ಪಂದ್ಯವಿಡೀ ಮನಸ್ಸಲ್ಲೇ ಎಣಿಸುತ್ತಾ ಮಾಡಬೇಕು. ಯುರೋಪಿನಲ್ಲಿ ಈ ನಿಯಮವಿಲ್ಲ. ಅಲ್ಲಿಂದ ಬಂದ ಹುಡುಗ ಎರಡು ತಿಂಗಳಲ್ಲಿ ಇದಕ್ಕೆ ಹೊಂದಿಕೊಂಡದ್ದು ನನಗೆ 38 ಅಂಕಕ್ಕಿಂತ ದೊಡ್ಡದಾಗಿ ಕಂಡಿತು.

ಆ ಪಂದ್ಯದಲ್ಲಿ ಅವನದು 21 ಅಂಕ, 20 ರಿಬೌಂಡ್. ಸ್ಪರ್ಸ್ ಆವತ್ತೂ ಸೋತಿತು, 121-112.

"ಇಪ್ಪತ್ತು ರಿಬೌಂಡ್ ಎಳೆದೂ ಸೋತ್ರಲ್ಲಣ್ಣಾ," ಎಂದ ತಮ್ಮ. ಅವನ ಮುಖ ಸಪ್ಪಗಾಗಿತ್ತು. ಸಂಜೆ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ನಾನು ಚೆಂಡನ್ನು ಬೋರ್ಡಿಗೆ ಹೊಡೆಯುವುದು, ಅವನು ನನ್ನನ್ನು ಬೆನ್ನಲ್ಲಿ ತಡೆದು ಹಿಡಿಯುವುದು. ಕತ್ತಲಾಗುವವರೆಗೂ ಅಷ್ಟೇ ಮಾಡಿದೆವು. ಮೊದಮೊದಲು ಚೆಂಡು ಎತ್ತಿದ ಕೂಡಲೇ ಅವನ ತಲೆ ಮೇಲೇಳುತ್ತಿತ್ತು. ಕೊನೆಕೊನೆಗೆ ನನ್ನ ಎದೆಗೆ ಅವನ ಭುಜ ಮೊದಲು ಬಡಿಯತೊಡಗಿತು. ಮಾರನೇ ದಿನ ಪಕ್ಕೆ ನೋಯುತ್ತಿತ್ತು, ಖುಷಿಯೂ ಆಗಿತ್ತು.

ಸ್ಪರ್ಸ್‌ನ ಹಳೆಯ ಕಥೆ ಗೊತ್ತಿದ್ದವರಿಗೆ ಈ ಹುಡುಗನ ಕಷ್ಟ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1997ರಲ್ಲಿ ಟಿಮ್ ಡಂಕನ್ ಬಂದಾಗ ಪಕ್ಕದಲ್ಲಿ ಡೇವಿಡ್ ರಾಬಿನ್ಸನ್ ಇದ್ದರು. ಭಾರ ಹೊರಲು ಹಿರಿಯರೊಬ್ಬರಿದ್ದರು, ತಂಡ ಆ ಸೀಸನ್‌ನಲ್ಲಿ 56 ಪಂದ್ಯ ಗೆದ್ದಿತು. ವೆಂಬನ್ಯಾಮನಿಗೆ ಅಂಥವರು ಯಾರೂ ಸಿಗಲಿಲ್ಲ. ಚೆಂಡನ್ನು ಸರಿಯಾದ ಹೊತ್ತಿಗೆ ಒಳಗೆ ಕೊಡುವ ಗಾರ್ಡ್ ಕೂಡ ಮೊದಮೊದಲು ಇರಲಿಲ್ಲ. ಫಾರ್ವರ್ಡ್ ಜೆರೆಮಿ ಸೋಹಾನ್ ಅವರನ್ನೇ ಆಟ ನಡೆಸುವ ಪಾಯಿಂಟ್ ಗಾರ್ಡ್ ಮಾಡಿ ನೋಡುತ್ತಿದ್ದರು. ಜನವರಿ ಹೊತ್ತಿಗೆ ಟ್ರೇ ಜೋನ್ಸ್ ಆ ಜಾಗಕ್ಕೆ ಬಂದ ಮೇಲೆ ರಿಂಗಿನ ಹತ್ತಿರಕ್ಕೆ ಪಾಸ್‌ಗಳು ಬರತೊಡಗಿದವು. ಸೆಂಟರ್ ಎಷ್ಟೇ ಒಳ್ಳೆಯ ಜಾಗ ಹಿಡಿದು ನಿಂತರೂ ಪಾಸ್ ಅರ್ಧ ಸೆಕೆಂಡು ತಡವಾದರೆ ಆ ಜಾಗ ಹೋಯಿತೆಂದೇ ಲೆಕ್ಕ.

ಆಮೇಲಿನದು ವೇಗವಾಗಿ ನಡೆಯಿತು. ಜನವರಿ 10ರಂದು ಡೆಟ್ರಾಯಿಟ್‌ನಲ್ಲಿ ಬರೀ 21 ನಿಮಿಷದಲ್ಲಿ ಟ್ರಿಪಲ್ ಡಬಲ್, ಅಂದರೆ ಮೂರು ವಿಭಾಗಗಳಲ್ಲಿ ಎರಡಂಕಿ. ಫೆಬ್ರವರಿ 12ರಂದು ಟೊರೊಂಟೊದಲ್ಲಿ 27 ಅಂಕ, 14 ರಿಬೌಂಡ್ ಜೊತೆಗೆ 10 ಬ್ಲಾಕ್ (ಎದುರಾಳಿಯ ಶಾಟನ್ನು ಗಾಳಿಯಲ್ಲೇ ತಡೆಯುವುದು). ಮಾರ್ಚ್ 29ರಂದು ನ್ಯೂಯಾರ್ಕ್ ನಿಕ್ಸ್‌ನ ಜೇಲನ್ ಬ್ರನ್ಸನ್ 61 ಅಂಕ ಹೊಡೆದ ಪಂದ್ಯದಲ್ಲಿ ಇವನದು 40 ಅಂಕ, 20 ರಿಬೌಂಡ್. ಓವರ್‌ಟೈಮ್‌ನಲ್ಲಿ ಸ್ಪರ್ಸ್ ಗೆದ್ದಿತು. ಪಂದ್ಯ ಮುಗಿದ ತಕ್ಷಣ ತಮ್ಮ ಫೋನ್ ಮಾಡಿ ನಲವತ್ತರ ಮಾತೇ ಎತ್ತದೆ, "ರಿಬೌಂಡ್ ನೋಡಿದ್ಯಾ ಅಣ್ಣಾ?" ಎಂದ.

ಸೀಸನ್ ಮುಗಿದಾಗ ಸರಾಸರಿ 21.4 ಅಂಕ, 10.6 ರಿಬೌಂಡ್, 3.6 ಬ್ಲಾಕ್. ಬ್ಲಾಕ್‌ನಲ್ಲಿ ಇಡೀ ಲೀಗ್‌ಗೇ ಮೊದಲಿಗ. ವರ್ಷದ ಹೊಸ ಆಟಗಾರ ಪ್ರಶಸ್ತಿಗೆ ಎಲ್ಲ ಮತಗಳೂ ಅವನಿಗೇ ಬಿದ್ದವು. ಮೊದಲ ವರ್ಷದಲ್ಲೇ ಲೀಗ್‌ನ ಮೊದಲ ರಕ್ಷಣಾ ತಂಡಕ್ಕೆ ಆಯ್ಕೆಯಾದ ಮೊದಲಿಗನೂ ಅವನೇ. ಸ್ಪರ್ಸ್ ಗೆದ್ದದ್ದು ಮಾತ್ರ 22 ಪಂದ್ಯ, ಸೋತದ್ದು 60.

ಕೊರತೆಯೇ ಇರಲಿಲ್ಲ ಎಂದು ಹೇಳಲಾರೆ. ಪಂದ್ಯಕ್ಕೆ ಸರಾಸರಿ 3.7 ಸಲ ಚೆಂಡು ಕಳೆದುಕೊಳ್ಳುತ್ತಿದ್ದ. ಸೆಂಟರ್‌ಗೆ ಅದು ಬಹಳ ಹೆಚ್ಚು. ಅಷ್ಟು ಎತ್ತರದಲ್ಲಿ ಡ್ರಿಬಲ್ ಮಾಡಿದರೆ ಚೆಂಡು ನೆಲದಿಂದ ಕೈಗೆ ಬರುವ ದಾರಿಯೇ ಉದ್ದ, ಗಿಡ್ಡ ಗಾರ್ಡ್‌ಗಳು ಮಧ್ಯದಲ್ಲೇ ಕೈ ಹಾಕಿ ಕಿತ್ತುಕೊಳ್ಳುತ್ತಾರೆ. ಒಳಗೆ ಚೆಂಡು ಸಿಕ್ಕ ಮೇಲೆ ಅದನ್ನು ಕೆಳಗಿಳಿಸದೆ ತಲೆಯ ಮೇಲೆಯೇ ಹಿಡಿದು ತಿರುಗುವ ಅಭ್ಯಾಸ ಅವನಿಗೆ ಆಗ ಇನ್ನೂ ಪೂರ್ತಿ ಕೂತಿರಲಿಲ್ಲ. ನನ್ನ ತಮ್ಮನಿಗೂ ಕೂತಿಲ್ಲ, ಈಗ ನಾವಿಬ್ಬರೂ ಅದನ್ನೇ ತಿದ್ದುತ್ತಿದ್ದೇವೆ.