ಕನ್ನಡ ಮೀಡಿಯಂ ಹುಡುಗಿಗೆ ಬಿಎಸ್ಸಿ ನರ್ಸಿಂಗ್ ಆಗುತ್ತಾ?

ಪಿಯುಸಿ ರಿಸಲ್ಟ್ ಬಂದ ಮೇಲೆ ಒಂದೆರಡು ತಿಂಗಳು ನನ್ನ ಫೋನಿಗೆ ಪುರುಸೊತ್ತಿಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ ಅಂತ ನೆಂಟರಿಗೆ ಗೊತ್ತು, ನೆಂಟರ ಅಕ್ಕಪಕ್ಕದ ಮನೆಯವರಿಗೂ ಗೊತ್ತು. ಊರು ಬೇರೆ, ದನಿ ಬೇರೆ, ಪ್ರಶ್ನೆ ಮಾತ್ರ ಅದೇ. "ಮೇಡಂ, ನಮ್ಮ ಹುಡುಗಿ ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಬಿಎಸ್ಸಿ ನರ್ಸಿಂಗ್ ಅವಳ ಕೈಲಿ ಆಗುತ್ತೇನ್ರೀ?"

ಆಗುತ್ತೆ. ನಾನೂ ಕನ್ನಡ ಮೀಡಿಯಂನವಳೇ. ಆದರೆ ಅಷ್ಟೇ ಹೇಳಿ ಫೋನ್ ಇಟ್ಟರೆ ಅದು ಸಮಾಧಾನದ ಮಾತಾಗುತ್ತದೆ, ಉತ್ತರ ಆಗಲ್ಲ.

2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಸಿಲೆಬಸ್ ಬದಲಿಸಿ ಸೆಮಿಸ್ಟರ್ ಪದ್ಧತಿ ತಂದಿತು. ನಾಲ್ಕು ವರ್ಷ, 8 ಸೆಮಿಸ್ಟರ್. ಮೊದಲ ಸೆಮಿಸ್ಟರ್‌ನಲ್ಲೇ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ), ಸೋಷಿಯಾಲಜಿ, ಸೈಕಾಲಜಿ, ನರ್ಸಿಂಗ್ ಫೌಂಡೇಷನ್, ಜೊತೆಗೆ ಕಮ್ಯುನಿಕೇಟಿವ್ ಇಂಗ್ಲಿಷ್. ಥಿಯರಿಗೆ ಶೇ. 80 ಹಾಜರಿ ಬೇಕು. ಇಂಗ್ಲಿಷ್ ಪಾಸಾಗಲು ಶೇ. 40 ಸಾಕು, ಉಳಿದ ಈ ವಿಷಯಗಳಿಗೆ 50. ಮನೆಯವರೆಲ್ಲ ಹೆದರುವ ಇಂಗ್ಲಿಷ್‌ನಲ್ಲಿ ಬ್ಯಾಕ್ ಉಳಿಸಿಕೊಂಡವರನ್ನು ನಾನು ನೋಡಿದ್ದು ಕಮ್ಮಿ. ಎಡವುವುದು ಅನಾಟಮಿ, ಫಿಸಿಯಾಲಜಿಯಲ್ಲಿ. ಅಲ್ಲಿನ ಭಾಷೆ ಇಂಗ್ಲಿಷೂ ಅಲ್ಲ. ಗ್ರೀಕ್, ಲ್ಯಾಟಿನ್ ಬೇರಿನ ಪದಗಳು. ಕಾನ್ವೆಂಟ್‌ನಿಂದ ಬಂದವರಿಗೂ ಮೊದಲ ತಿಂಗಳು ಅದು ಕಬ್ಬಿಣದ ಕಡಲೆಯೇ.

ನನ್ನ ಕಥೆಯನ್ನೇ ಹೇಳುತ್ತೇನೆ. ಮೊದಲ ಇಂಟರ್ನಲ್ಸ್‌ನಲ್ಲಿ ಇಲಿಯಂ ಬಗ್ಗೆ ಶಾರ್ಟ್ ನೋಟ್ ಕೇಳಿದ್ದರು. ಸಣ್ಣ ಕರುಳಿನ ಬಗ್ಗೆ ಒಂದು ಪುಟ ಬರೆದೆ, ಚಿತ್ರ ಬೇರೆ ಬಿಡಿಸಿದೆ. ಅವರು ಕೇಳಿದ್ದು ಸೊಂಟದ ಮೂಳೆ. ಎರಡನ್ನೂ ಓದುವುದು ಹೆಚ್ಚುಕಮ್ಮಿ ಒಂದೇ ಥರ. ಇಂಗ್ಲಿಷ್‌ನಲ್ಲಿ ಬರೆಯುವಾಗ ಎಲ್ ಆದ ಮೇಲೆ ಐ ಬಂದರೆ ಮೂಳೆ, ಇ ಬಂದರೆ ಸಣ್ಣ ಕರುಳಿನ ಕೊನೆಯ ಭಾಗ. ಒಂದೇ ಒಂದು ಅಕ್ಷರಕ್ಕೆ ಐದು ಅಂಕ ಹೋಯಿತು. ಕ್ಲಾಸಿನಲ್ಲಿ ಆ ಪದ ಕೇಳಿದಾಗಲೇ ಅನುಮಾನ ಬಂದಿತ್ತು. ಕೈ ಎತ್ತಿ ಕೇಳಿರಲಿಲ್ಲ, ಅಷ್ಟೇ.

ನನ್ನ ಪ್ರಕಾರ ಮೊದಲ ವರ್ಷದ ನಿಜವಾದ ತೊಂದರೆ ಇದೇ. "ಅರ್ಥ ಆಯ್ತಾ?" ಅಂದರೆ ಇಡೀ ಕ್ಲಾಸ್ ರಾಗವಾಗಿ "ಆಯ್ತು ಮೇಡಂ" ಅನ್ನುತ್ತದೆ. ಹಿಂದಿನ ಬೆಂಚಿನವರು ಸುಮ್ನೆ ತಲೆಯಾಡಿಸುತ್ತಾರೆ. ಕ್ಲಾಸಿನಲ್ಲಾದರೆ ಅಂಕ ಹೋಗುತ್ತದೆ, ವಾರ್ಡ್‌ನಲ್ಲಾದರೆ? ಹೈಪೊಗ್ಲೈಸೀಮಿಯಾ ಅಂದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿರುವುದು, ಹೈಪರ್ ಅಂದರೆ ಏರಿರುವುದು. ಒಬ್ಬರಿಗೆ ತಕ್ಷಣ ಸಕ್ಕರೆ ಕೊಡಬೇಕು, ಇನ್ನೊಬ್ಬರಿಗೆ ಇನ್ಸುಲಿನ್ ಬೇಕಾಗಬಹುದು. ಕಿವಿಗೆ ಬಿದ್ದದ್ದು ಹೈಪೋನಾ ಹೈಪರ್ರಾ ಅಂತ ಗೊತ್ತಾಗದೆ ತಲೆಯಾಡಿಸುವ ನರ್ಸ್ ಯಾರಿಗೂ ಬೇಡ. ಅದಕ್ಕೇ ಆಸ್ಪತ್ರೆಯಲ್ಲಿ ಬಾಯಿಮಾತಿನ ಆರ್ಡರ್ ಕೇಳಿಸಿಕೊಂಡವರು ಅದನ್ನು ಹಾಗೇ ವಾಪಸ್ ಹೇಳಿ ಖಾತ್ರಿ ಮಾಡಿಕೊಳ್ಳಬೇಕು ಅನ್ನುವ ನಿಯಮ ಇದೆ. ನಾನು ಇದನ್ನು ಮೊದಲ ವಾರದಿಂದಲೇ ಕ್ಲಾಸಿನಲ್ಲಿ ಮಾಡಿಸುತ್ತೇನೆ. "ಆಯ್ತು ಮೇಡಂ" ನಡೆಯಲ್ಲ. ಏನು ಆಯ್ತು ಅಂತ ಹೇಳಬೇಕು, ಕನ್ನಡದಲ್ಲಾದರೂ ಸರಿ.

ಪದಗಳನ್ನು ಬಿಡಿಸಿ ಓದಿದರೆ ಭಾರ ಅರ್ಧ ಇಳಿಯುತ್ತದೆ. ಹೆಪಟ್ ಅಂದರೆ ಲಿವರ್, ನೆಫ್ರ್ ಅಂದರೆ ಕಿಡ್ನಿ, ಗ್ಯಾಸ್ಟ್ರ್ ಅಂದರೆ ಜಠರ. ಕೊನೆಗೆ ಐಟಿಸ್ ಬಂದರೆ ಉರಿಯೂತ. ಬ್ರ್ಯಾಡಿ ನಿಧಾನ, ಟ್ಯಾಕಿ ಜೋರು. ಹಾಗಾಗಿ ದೊಡ್ಡವರಲ್ಲಿ ನಿಮಿಷಕ್ಕೆ 60ಕ್ಕಿಂತ ಕಮ್ಮಿ ಹೃದಯ ಬಡಿತ ಬ್ರ್ಯಾಡಿಕಾರ್ಡಿಯಾ, 100 ದಾಟಿದರೆ ಟ್ಯಾಕಿಕಾರ್ಡಿಯಾ. ಮನೆಗೆ, ಮನೆಯಿಂದ, ಮನೆಯವರಿಗೆ ಅಂತ ಪದಕ್ಕೆ ಬಾಲ ಅಂಟಿಸುತ್ತಲೇ ಬೆಳೆದವರು ನಾವು. ನಮಗೆ ಇದು ಕಷ್ಟ ಆಗಬಾರದು, ಅಲ್ವಾ?

ಇನ್ನೊಂದು ಅಭ್ಯಾಸ ಮಾಡಿಸುತ್ತೇನೆ. ರಾತ್ರಿ ಮನೆಗೆ ಫೋನ್ ಮಾಡಿದಾಗ ಆ ದಿನದ ಒಂದು ಪಾಠವನ್ನು ಪುಸ್ತಕ ಮುಚ್ಚಿಟ್ಟು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಒಬ್ಬಳು ಹೃದಯದ ಕವಾಟ ವಿವರಿಸುತ್ತಾ, ಅದು ಕೆರೆಯ ತೂಬಿದ್ದ ಹಾಗೆ, ಒಂದೇ ಕಡೆಗೆ ಬಿಡುತ್ತೆ ಅಂದಳಂತೆ. ಅವರಮ್ಮ, "ಸರಿ ಕಣೇ, ತೂಬು ಸರಿಯಾಗಿ ಮುಚ್ಚದಿದ್ರೆ ರಕ್ತ ಹಿಂದಕ್ಕೆ ಬರಲ್ವಾ?" ಅಂತ ಕೇಳಿದರಂತೆ. ಮಾರನೇ ದಿನ ಕ್ಲಾಸ್ ಶುರುವಾಗುವ ಮೊದಲೇ ಹುಡುಗಿ ನನ್ನ ಟೇಬಲ್ ಮುಂದೆ. ಕವಾಟ ಸೋರಿದರೆ ಆಗುವುದಕ್ಕೆ ರಿಗರ್ಜಿಟೇಷನ್ ಅಂತಾರೆ, ಸ್ಟೆತಾಸ್ಕೋಪಿನಲ್ಲಿ ಅದರ ಸದ್ದೂ ಕೇಳಿಸಬಹುದು ಅಂದೆ. ಆ ಪದ ಅವಳಿಗೆ ಇನ್ನು ಮರೆಯಲ್ಲ.

ಲೆಕ್ಕಕ್ಕೆ ಹೆದರುವವರೂ ಇದ್ದಾರೆ. 500 ಎಂಎಲ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಹಾಕುವ ಪೈಪಿನ ಸೆಟ್ಟಿನಲ್ಲಿ ಎಂಎಲ್‌ಗೆ 20 ಹನಿ. 500ನ್ನು 20ರಿಂದ ಗುಣಿಸಿ, 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಹತ್ತಿರಹತ್ತಿರ 42 ಹನಿ. ಗುಣಾಕಾರ ಭಾಗಾಕಾರ ಬಂದರೆ ಮುಗಿಯಿತು.

ಇನ್ನು ಪೋಸ್ಟಿಂಗ್, ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಕಲಿಯುವ ಸರದಿ. ಅಲ್ಲಿ ಆಟ ತಿರುಗುತ್ತದೆ. ಜನರಲ್ ವಾರ್ಡಿನ ಅಜ್ಜಿ "ಒಂಥರಾ ಆಗ್ತಿದೆ ಕಣವ್ವಾ, ಕಣ್ಣು ಕತ್ತಲೆ ಬರ್ತದೆ, ಹೊಟ್ಟೆ ತೊಳಸ್ತದೆ" ಅಂದರೆ, ಚೆನ್ನಾಗಿ ಇಂಗ್ಲಿಷ್ ಮಾತಾಡುವ ಬೇರೆ ರಾಜ್ಯದ ಹುಡುಗಿ ಪಿಳಿಪಿಳಿ ನೋಡುತ್ತಾಳೆ. ನಮ್ಮವಳು ಅಜ್ಜಿಯ ಕೈ ಹಿಡಿದು, ಯಾವಾಗಿಂದ, ಎದ್ದು ನಿಂತಾಗಲಾ ಮಲಗಿದ್ದಾಗಲಾ, ಬೆಳಿಗ್ಗೆ ಏನು ತಿಂದ್ರಿ ಅಂತ ಕೇಳಿ, ಆಮೇಲೆ ಸ್ಟಾಫ್ ಸಿಸ್ಟರ್‌ಗೆ ಹೇಳುತ್ತಾಳೆ. ಕೇಸ್ ಸ್ಟಡಿಯಲ್ಲಿ ಅದಕ್ಕೆ ಇಂಗ್ಲಿಷ್ ಪದ ಬರೆಯುವುದನ್ನು ನಾನು ಹೇಳಿಕೊಡಬಲ್ಲೆ. ಅಜ್ಜಿಯ ಹತ್ತಿರ ಮಾತು ಹೊರಡಿಸುವುದನ್ನು ಹೇಳಿಕೊಡುವುದು ತುಂಬ ಕಷ್ಟ.

ಮೊನ್ನೆ ಫೋನ್ ಮಾಡಿದ ಒಬ್ಬರು ತಂದೆ, "ಹಾಗಾದ್ರೆ ರಜದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಾಕಲಾ ಮೇಡಂ?" ಅಂದರು. ಹಾಕಿ, ತಪ್ಪಿಲ್ಲ. ಅದಕ್ಕೂ ಮೊದಲು ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್ ಕೊಡಿಸಿ, ಹೊಸ ಪದ ಬರೆದುಕೊಳ್ಳಲಿ ಅಂದೆ. ಹಾಗೇ ಸೆಕೆಂಡ್ ಮುಳ್ಳಿರುವ ಒಂದು ವಾಚು. ನಾಡಿ ಎಣಿಸುವಾಗ ಬೇಕು, ನಮ್ಮಲ್ಲಿ ವಾರ್ಡಿಗೆ ಮೊಬೈಲ್ ಬಿಡಲ್ಲ.

"ಬರೀ ವಾಚಾ?" ಅಂದರು. ಹೂಂ, ಮುಳ್ಳು ಮಾತ್ರ ದೊಡ್ಡದಾಗಿ ಕಾಣಬೇಕು ಅಂದೆ.