ಲೆಕ್ಕ ನಾವೇ ಬರೆಯಬೇಕೇ, ಬೇರೆಯವರಿಗೆ ಒಪ್ಪಿಸಬೇಕೇ?

ಸಣ್ಣ ವ್ಯವಹಾರ ನಡೆಸುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಲೆಕ್ಕ ನಾವೇ ಬರೆದುಕೊಂಡರೆ ಸಾಕೇ, ಸಾಫ್ಟ್‌ವೇರ್ ಕೊಳ್ಳಬೇಕೇ, ತಿಂಗಳಿಗಿಷ್ಟು ಎಂದು ಕೊಟ್ಟು ಲೆಕ್ಕಿಗರಿಗೆ ಒಪ್ಪಿಸಿಬಿಡುವುದೇ? ಕೇಳುವಾಗ ಜೊತೆಗೆ ವಹಿವಾಟಿನ ಮೊತ್ತವನ್ನೂ ಹೇಳುತ್ತಾರೆ. ಆದರೆ ಮೊತ್ತ ನೋಡಿ ಇದನ್ನು ತೀರ್ಮಾನಿಸಲಾಗದು. ತಿಂಗಳಿಗೆ ನಾಲ್ಕೇ ದೊಡ್ಡ ಬಿಲ್ ಮಾಡುವವರಿಗೆ ಒಂದು ನೋಟ್‌ಬುಕ್ ಸಾಕು. ದಿನಕ್ಕೆ ನಲವತ್ತು ಚಿಲ್ಲರೆ ವ್ಯಾಪಾರ, ಅದರಲ್ಲಿ ಅರ್ಧ ಉದ್ರಿ ಎಂದಾದರೆ ನೋಟ್‌ಬುಕ್ ಎರಡೇ ತಿಂಗಳಲ್ಲಿ ಕೈಕೊಡುತ್ತದೆ.

ಹಾಗಾಗಿ ಮೊದಲು ಹೋದ ತಿಂಗಳ ವೋಚರ್‌ಗಳನ್ನು ಎಣಿಸಿ: ಬಿಲ್, ರಸೀದಿ, ಪಾವತಿ ಎಲ್ಲ ಸೇರಿ. ಐವತ್ತರೊಳಗಿದ್ದು, ಉದ್ರಿ ಇಲ್ಲದೆ, ದಾಸ್ತಾನು ಇಲ್ಲದೆ, ಸಂಬಳದ ಆಳು ಇಲ್ಲದೆ ನಡೆಯುವ ವ್ಯವಹಾರವಾದರೆ ನಗದು ಪುಸ್ತಕ ಮತ್ತು ಒಂದು ಸ್ಪ್ರೆಡ್‌ಶೀಟ್ ಸಾಕೆಂಬುದು ನನ್ನ ಅಭಿಪ್ರಾಯ. ಉದ್ರಿ, ದಾಸ್ತಾನು, ಸಂಬಳ, ಸಾಲದ ಕಂತು ಇವುಗಳಲ್ಲಿ ಎರಡು ಕೂಡಿಕೊಂಡರೂ ಜೋಡಿ ನಮೂದಿನ, ಅಂದರೆ ಪ್ರತಿ ವ್ಯವಹಾರವನ್ನೂ ಖಾತೆಗಳ ಎರಡು ಬದಿಗೆ ಸಮನಾಗಿ ಬರೆಯುವ, ಸಾಫ್ಟ್‌ವೇರ್ ಬೇಕು. ಯಾರ ಬಾಕಿ ಎಷ್ಟು, ಎಷ್ಟು ದಿನದ್ದು ಎಂಬುದನ್ನು ಸ್ಪ್ರೆಡ್‌ಶೀಟ್ ತಾನಾಗಿ ಹೇಳುವುದಿಲ್ಲ. ಅದರ ಇನ್ನೊಂದು ತೊಂದರೆ ಸದ್ದಿಲ್ಲದ್ದು. ಕೊನೆಯಲ್ಲಿ ಹೊಸ ಸಾಲು ಸೇರಿಸಿದಾಗ ಕೆಲವೊಮ್ಮೆ ಮೊತ್ತದ ಸೂತ್ರ ಆ ಸಾಲಿನವರೆಗೆ ಹಿಗ್ಗಿರುವುದಿಲ್ಲ, ಇಲ್ಲವೇ ಅಂಕಿಯನ್ನು ಅದು ಪಠ್ಯವೆಂದು ತಿಳಿದು ಕೂಡದೆ ಬಿಟ್ಟಿರುತ್ತದೆ. ತಪ್ಪಾಗಿದೆ ಎಂಬುದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಬರೆಯುವುದು ಎಂದರೆ ಒಂದು ಕೆಲಸವಲ್ಲ, ಮೂರು: ದಾಖಲು ಮಾಡುವುದು, ಸರಿಯಾದ ಖಾತೆಗೆ ವಿಂಗಡಿಸುವುದು, ತಾಳೆ ನೋಡುವುದು. ನನ್ನ ಉತ್ತರವೂ ಇದರ ಮೇಲೆಯೇ ನಿಂತಿದೆ. ಮೊದಲನೆಯದನ್ನು ಯಾರಿಗೂ ಕೊಡಬೇಡಿ, ಎರಡನೆಯದನ್ನು ಧಾರಾಳವಾಗಿ ಕೊಡಿ, ಮೂರನೆಯದನ್ನು ಕೊಟ್ಟರೂ ಫಲಿತಾಂಶವನ್ನು ಪ್ರತಿ ತಿಂಗಳು ನೀವೇ ನೋಡಿ.

ದಾಖಲು ನಿಮ್ಮದೇ ಆಗಿರಬೇಕು, ಯಾಕೆಂದರೆ ಆ ಹಣ ಯಾತಕ್ಕೆ ಹೋಯಿತು ಎಂಬುದು ಅವತ್ತು ನಿಮಗೆ ಮಾತ್ರ ಗೊತ್ತಿರುತ್ತದೆ. ಮೂರು ತಿಂಗಳ ನಂತರ ಲೆಕ್ಕಿಗರ ಮುಂದೆ ಮಾಸಿದ ಚೀಟಿಗಳ ಚೀಲ ಸುರಿದರೆ ಅವರು ಊಹಿಸಿ ಬರೆಯುತ್ತಾರೆ. ವ್ಯವಹಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರಲಿ. ಪ್ರತಿ ವೋಚರ್‌ಗೂ ಅನುಕ್ರಮ ಸಂಖ್ಯೆ ಹಾಕಿ, ನಡುವೆ ಒಂದು ಸಂಖ್ಯೆ ಕಾಣೆಯಾದರೆ ಆ ವೋಚರ್ ಹುಡುಕುವವರೆಗೆ ಮುಂದೆ ಹೋಗಬೇಡಿ. ಸಂಜೆಯಾದ ಮೇಲೆ, ದಿನದ ಆರಂಭದಲ್ಲಿದ್ದ ಶಿಲ್ಕಿಗೆ (ಉಳಿಕೆ ಹಣಕ್ಕೆ) ಬಂದದ್ದನ್ನು ಕೂಡಿಸಿ, ಕೊಟ್ಟದ್ದನ್ನು ಕಳೆದು, ಪೆಟ್ಟಿಗೆಯಲ್ಲಿರುವ ಹಣ ಎಣಿಸಿ. ವ್ಯತ್ಯಾಸ ಬಂದರೆ "ನಗದು ಕೊರತೆ" ಎಂಬ ಖಾತೆಗೆ ಅವತ್ತೇ ಬರೆಯಿರಿ. ಸ್ವಂತ ಜೇಬಿನಿಂದ ಹಾಕಿ ಸರಿಮಾಡಿದರೆ ಕೊರತೆ ಪದೇ ಪದೇ ಆಗುತ್ತಿರುವುದೇ ಕಾಣದೆ ಹೋಗುತ್ತದೆ.

ಚಿಲ್ಲರೆ ಖರ್ಚಿಗೆ ಒಂದು ಸ್ಥಿರ ಮೊತ್ತ, ಉದಾಹರಣೆಗೆ 2,000, ಬೇರೆ ಇಡಿ. ಯಾವ ಹೊತ್ತಿನಲ್ಲಿ ನೋಡಿದರೂ ಉಳಿದ ನಗದು ಮತ್ತು ಚೀಟಿಗಳ ಮೊತ್ತ ಸೇರಿ 2,000 ಇರಬೇಕು. ತುಂಬಿಸುವಾಗ ಚೀಟಿಗಳ ಮೊತ್ತದಷ್ಟೇ ತುಂಬಿಸಿ.

ಹೆಚ್ಚು ಹಾನಿಯಾಗುವುದು ವಿಂಗಡಣೆಯಲ್ಲಿ, ಅದರಲ್ಲೂ ನಾಲ್ಕೈದು ಜಾಗಗಳಲ್ಲೇ. ಸಾಲದ ಕಂತು 10,000 ಕಟ್ಟಿದಿರಿ, ಅದರಲ್ಲಿ ಅಸಲು 7,200, ಬಡ್ಡಿ 2,800 ಎಂದುಕೊಳ್ಳಿ. ಖರ್ಚು 2,800 ಮಾತ್ರ, ಉಳಿದದ್ದು ಸಾಲವನ್ನು ಇಳಿಸುತ್ತದೆ. ಇಡೀ ಕಂತನ್ನು ಖರ್ಚಿಗೆ ಹಾಕಿದರೆ ಲಾಭ 7,200ರಷ್ಟು ಕಡಿಮೆ ಕಾಣುತ್ತದೆ, ಸಾಲವೂ ಪುಸ್ತಕದಲ್ಲಿ ತೀರುವುದೇ ಇಲ್ಲ. ಕಾರ್ಡ್ ಮೂಲಕ 1,000ಕ್ಕೆ ಮಾರಿ, ಶುಲ್ಕ 20 ಕಳೆದು ಬ್ಯಾಂಕಿಗೆ 980 ಬಂದರೆ ಮಾರಾಟ 1,000, ಖರ್ಚು 20. 980 ಎಂದು ಬರೆದರೆ ಮಾರಾಟವೂ ಬಿಲ್‌ಗೆ ತಾಳೆಯಾಗದು, ಶುಲ್ಕ ಎಷ್ಟು ಹೋಗುತ್ತಿದೆ ಎಂಬುದೂ ತಿಳಿಯದು. ಗ್ರಾಹಕರ ಮುಂಗಡ ಆದಾಯವಲ್ಲ, ಕೆಲಸ ಮುಗಿಸಿಕೊಡುವವರೆಗೆ ಅದು ನಿಮ್ಮ ಮೇಲಿನ ಋಣ. ಗ್ರಾಹಕರಿಂದ ವಸೂಲಿ ಮಾಡಿದ ತೆರಿಗೆಯೂ ಹಾಗೆಯೇ. 60,000ದ ಯಂತ್ರ ಐದು ವರ್ಷ ಬಾಳುವಂತಿದ್ದು, ಕೊನೆಗೆ ಬೆಲೆಯೇನೂ ಉಳಿಯದು ಎಂದಾದರೆ ತಿಂಗಳಿಗೆ 1,000 ಸವಕಳಿ ಎಂದು ಖರ್ಚಾಗಬೇಕು, ಕೊಂಡ ತಿಂಗಳಲ್ಲೇ ಪೂರ್ತಿಯಲ್ಲ. ಮನೆಗೆಂದು ತೆಗೆದುಕೊಂಡ ಹಣ ಮಾಲೀಕರ ಹಿಂಪಡೆತ, ಅದನ್ನು "ಇತರೆ ಖರ್ಚು" ಎಂದು ಬರೆಯುವ ರೂಢಿ ಬಹಳ ಇದೆ, ಬಿಡಬೇಕು. ಖಾತೆಗಳ ಹೆಸರು ಮೂವತ್ತರ ಆಸುಪಾಸಿನಲ್ಲಿರಲಿ. "ಇತರೆ" ಉಬ್ಬುತ್ತಿದ್ದರೆ ಅದರೊಳಗೆ ಇನ್ನೊಂದು ಖಾತೆ ಅಡಗಿದೆ ಎಂದೇ ಅರ್ಥ.

ಸಾಫ್ಟ್‌ವೇರ್ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ ಎನ್ನುವವರಿಗೆ ಒಂದು ಮಾತು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗಣಿತ ಗ್ರಂಥದಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ವಿವರಿಸಿದ ಜೋಡಿ ನಮೂದು ಪದ್ಧತಿಯೇ ಅದರ ಒಳಗೂ ಇರುವುದು. ಸಾಫ್ಟ್‌ವೇರ್ ಬೇಗ ಕೂಡುತ್ತದೆ, ಎರಡು ಬದಿ ಸಮವಾಗದ ನಮೂದನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಸಾಲದ ಅಸಲನ್ನು ಬಾಡಿಗೆ ಖಾತೆಗೆ ಹಾಕಿದರೂ ತಾಳೆಪಟ್ಟಿ (ಎಲ್ಲ ಖಾತೆಗಳ ಎರಡು ಬದಿಯ ಮೊತ್ತ ಸಮವೇ ಎಂದು ತೋರಿಸುವ ಪಟ್ಟಿ) ಸರಿಯಾಗಿಯೇ ಬರುತ್ತದೆ. ಬರೆಯದೇ ಬಿಟ್ಟ ಬಿಲ್ಲನ್ನೂ ತಾಳೆಪಟ್ಟಿ ಹಿಡಿಯದು.

ಬಿಟ್ಟುಹೋದ ಬಿಲ್ಲಿನ ಹಣ ಬ್ಯಾಂಕ್ ಮೂಲಕ ಬಂದಿದ್ದರೆ, ಹೋಗಿದ್ದರೆ ಅದನ್ನು ಹಿಡಿಯುವುದು ಬ್ಯಾಂಕ್ ತಾಳೆ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ನಿಮ್ಮ ಪುಸ್ತಕವನ್ನು ಸಾಲು ಸಾಲಾಗಿ ಗುರುತು ಹಾಕುತ್ತಾ ಹೋಗಿ. ಉಳಿಯುವುದು ಇನ್ನೂ ನಗದಾಗದ ಚೆಕ್, ಬ್ಯಾಂಕ್ ಶುಲ್ಕ, ಬಡ್ಡಿ, ಗ್ರಾಹಕರು ನೇರವಾಗಿ ಹಾಕಿದ ಹಣ. ಇವೆಲ್ಲ ಕಳೆದ ಮೇಲೂ ವ್ಯತ್ಯಾಸ ಉಳಿದರೆ ಅದನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 540 ಇರಬೇಕಾದಲ್ಲಿ 450 ಬರೆದರೆ ವ್ಯತ್ಯಾಸ 90. ಕೈಬರಹದ ಪುಸ್ತಕದಲ್ಲಿ ಜಮೆಯನ್ನು ಖರ್ಚಿನ ಬದಿಗೆ ಬರೆದಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಿರುತ್ತದೆ, ಅರ್ಧ ಮಾಡಿ ಆ ಸಂಖ್ಯೆಯನ್ನು ಹುಡುಕಿ.

ಲೆಕ್ಕಿಗರಿಗೆ ಒಪ್ಪಿಸುವುದಾದರೆ ಮಾತು ಮೊದಲೇ ಆಗಿರಲಿ. ನೀವು ಯಾವ ದಿನದೊಳಗೆ ವೋಚರ್ ಕೊಡುತ್ತೀರಿ, ಅವರು ಯಾವ ದಿನದೊಳಗೆ ತಿಂಗಳ ಲೆಕ್ಕ ಮುಗಿಸಿ ಮುಚ್ಚುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ತಾಳೆಪಟ್ಟಿ, ಬ್ಯಾಂಕ್ ತಾಳೆ, ಜೊತೆಗೆ 30, 60, 90 ದಿನ ಮೀರಿದ ಬಾಕಿಗಳ ಪಟ್ಟಿ ಪ್ರತಿ ತಿಂಗಳೂ ಕೈಗೆ ಬರಬೇಕು. ಸಾಫ್ಟ್‌ವೇರಿನ ಮುಖ್ಯ ಲಾಗಿನ್ ನಿಮ್ಮ ಹೆಸರಲ್ಲೇ ಇರಲಿ, ಇಲ್ಲದಿದ್ದರೆ ಲೆಕ್ಕಿಗರು ಬದಲಾದ ದಿನ ಲೆಕ್ಕವೂ ಅವರ ಜೊತೆ ಹೋಗುತ್ತದೆ. ಹಣ ಮುಟ್ಟುವವರೇ ಪುಸ್ತಕ ಬರೆಯುವಂತಾಗಬಾರದು. ಆಳು ಕಡಿಮೆಯಿದ್ದು ಅದು ತಪ್ಪದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ನೇರವಾಗಿ ನಿಮಗೇ ಬರಲಿ. ಮುಚ್ಚಿದ ತಿಂಗಳಲ್ಲಿ ತಪ್ಪು ಸಿಕ್ಕಿದರೆ ಹಳೆಯ ನಮೂದನ್ನು ಅಳಿಸಬಾರದು, ಈ ತಿಂಗಳಲ್ಲಿ ತಿರುಗು ನಮೂದು (ಹಳೆಯದನ್ನು ರದ್ದುಮಾಡುವ ವಿರುದ್ಧ ನಮೂದು) ಹಾಕಿ ಸರಿಪಡಿಸಬೇಕು.

ಹೊಸ ಪದ್ಧತಿಗೆ ಬದಲಾಗಲು ಲೆಕ್ಕದ ವರ್ಷದ ಮೊದಲ ದಿನ ಒಳ್ಳೆಯದು, ಆಗದಿದ್ದರೆ ಯಾವುದಾದರೂ ತಿಂಗಳ ಮೊದಲ ದಿನ. ಅವತ್ತಿಗೆ ಎಣಿಸಿದ ನಗದು, ತಾಳೆಯಾದ ಬ್ಯಾಂಕ್ ಶಿಲ್ಕು, ಎಣಿಸಿದ ದಾಸ್ತಾನು, ಸವಕಳಿ ಕಳೆದ ಯಂತ್ರಗಳ ಬೆಲೆ, ಬರಬೇಕಾದ ಬಾಕಿ ಒಂದು ಕಡೆ. ಕೊಡಬೇಕಾದದ್ದು, ಸಾಲದ ಉಳಿದ ಅಸಲು, ಪಡೆದ ಮುಂಗಡ ಇನ್ನೊಂದು ಕಡೆ. ಎರಡರ ವ್ಯತ್ಯಾಸವೇ ಬಂಡವಾಳ. ಬಾಕಿಗಳನ್ನು ಒಟ್ಟು ಮೊತ್ತವಾಗಿ ಹಾಕದೆ ಬಿಲ್‌ವಾರು ಹಾಕಿ, ಇಲ್ಲದಿದ್ದರೆ ಹಣ ಬಂದಾಗ ಯಾವ ಬಿಲ್ ತೀರಿತು ಎಂದು ತಿಳಿಯುವುದಿಲ್ಲ. ಒಂದು ತಿಂಗಳು ಹಳೆಯ ಪುಸ್ತಕವನ್ನೂ ಜೊತೆಜೊತೆಗೆ ಬರೆಯಿರಿ. ತಿಂಗಳ ಕೊನೆಗೆ ನಗದು, ಬ್ಯಾಂಕ್, ಪ್ರತಿ ಗ್ರಾಹಕರ ಬಾಕಿ ಎರಡರಲ್ಲೂ ಒಂದೇ ಬಂದರೆ ಹಳೆಯದನ್ನು ಮುಚ್ಚಬಹುದು.