ತಟ್ಟೆ ಒಂದಕ್ಕೆ ಎಷ್ಟು?

ಕಲಬುರಗಿ
22 ಫೆಬ್ರುವರಿ 2025, ಶನಿವಾರ

ನಾಲ್ಕನೇ ಶನಿವಾರ, ಕಚೇರಿಗೆ ರಜೆ. ಬರುವ ಶುಕ್ರವಾರ ಅಕ್ಕ ಶಾಲೆಯ ಕೆಲಸದಿಂದ ನಿವೃತ್ತಳಾಗುತ್ತಾಳೆ. ಮಾರ್ಚ್ 2ರ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೇವೆ. ಬುಧವಾರ ಶಿವರಾತ್ರಿ, ಆಮೇಲೆ ಪೇಟೆಗೆ ಹೋಗಲು ಬಿಡುವು ಸಿಗುವುದಿಲ್ಲ. ಆದ್ದರಿಂದ ಸಾಮಾನು ತರುವ ಕೆಲಸವನ್ನು ಇಂದೇ ಮುಗಿಸಬೇಕಿತ್ತು. ಏಳನೇ ತರಗತಿಯಲ್ಲಿರುವ ಮಗಳು ಅರ್ಧ ದಿನದ ಶಾಲೆ ಮುಗಿಸಿ ಬಂದವಳೇ, ಸಮವಸ್ತ್ರ ಕೂಡ ಬದಲಿಸದೆ ನೋಟ್‌ಬುಕ್ ಹಿಡಿದು ಸ್ಕೂಟರಿನ ಹಿಂದೆ ಕುಳಿತಳು. ಅವಳಿಗೆ ಈಗ ಶೇಕಡಾ ಲೆಕ್ಕದ ಪಾಠ ನಡೆಯುತ್ತಿದೆ.

ನನಗೆ ಶೇಕಡಾ ಕಲಿಸಿದವಳು ಅಕ್ಕ. ಕರೆಂಟ್ ಹೋದ ರಾತ್ರಿಗಳಲ್ಲಿ ಕಂದೀಲಿನ ಮುಂದೆ ಕೂರಿಸಿ ಲೆಕ್ಕ ಹೇಳುತ್ತಿದ್ದಳು. ನೂರಕ್ಕೆ ಇಪ್ಪತ್ತು ಸೋಡಿ (ರಿಯಾಯಿತಿ) ಎಂದರೆ ಸಾಕು, ‘ಯಾವ ನೂರಕ್ಕೆ?’ ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಹೇಳದೆ ಪೆನ್ಸಿಲ್ ಮುಟ್ಟಲು ಬಿಡುತ್ತಿರಲಿಲ್ಲ.

ಮೊದಲು ಸೂಪರ್ ಮಾರ್ಕೆಟ್ ಎಂದು ಕರೆಯುವ ಪೇಟೆಯ ಕಡೆಗೆ ಹೋದೆವು. ಶಾಲು, ಹಾರಕ್ಕೆ ಮುಂಗಡ ಕೊಡುವುದು ಅಲ್ಲಿಯೇ ಇತ್ತು. ನಾವು ಯಾವಾಗಲೂ ಹೋಗುವ ಅಂಗಡಿಯಲ್ಲಿ ಅಡಿಕೆ ಹಾಳೆಯ ತಟ್ಟೆಗಳಿದ್ದವು. ಪೊಟ್ಟಣಕ್ಕೆ 25, ಮುದ್ರಿತ ಬೆಲೆ 200 ರೂಪಾಯಿ, ‘ಎರಡು ಕೊಂಡರೆ ಒಂದು ಉಚಿತ’. ಹೊಸದಾಗಿ ತೆರೆದಿರುವ ಸೇಡಂ ರಸ್ತೆಯ ದೊಡ್ಡ ಮಳಿಗೆಯಲ್ಲಿ ಅದೇ ಪೊಟ್ಟಣಕ್ಕೆ ಶೇ 30 ರಿಯಾಯಿತಿ ಎಂದು ನಿನ್ನೆಯೇ ವಿಚಾರಿಸಿಕೊಂಡಿದ್ದೆ.

‘ಒಂದು ಉಚಿತ ಅಂದರೆ ಅರ್ಧ ಬೆಲೆ ಅಲ್ಲವೇ ಅಪ್ಪ?’ ಎಂದಳು ಮಗಳು. ಬರೆದು ನೋಡು ಎಂದೆ. ಮೂರು ಪೊಟ್ಟಣಕ್ಕೆ 600 ಆಗಬೇಕಿತ್ತು, 400 ಕೊಡುತ್ತೇವೆ, ಉಳಿದದ್ದು 200. ಆರುನೂರರಲ್ಲಿ ಇನ್ನೂರು ಎಂದರೆ ಮೂರನೇ ಒಂದು ಭಾಗ, ಶೇ 33ಕ್ಕಿಂತ ತುಸು ಹೆಚ್ಚು. ತಟ್ಟೆ ಒಂದಕ್ಕೆ 5 ರೂಪಾಯಿ 33 ಪೈಸೆ. ಮಳಿಗೆಯಲ್ಲಿ ಪೊಟ್ಟಣಕ್ಕೆ 140, ತಟ್ಟೆ ಒಂದಕ್ಕೆ 5 ರೂಪಾಯಿ 60 ಪೈಸೆ. ನಮ್ಮ ಪಟ್ಟಿಯಲ್ಲಿ 68 ಜನ, ಮೂರು ಪೊಟ್ಟಣ ಬೇಕು. ಇಲ್ಲಿ 400, ಅಲ್ಲಿ 420.

ಅಷ್ಟಕ್ಕೆ ಅವಳು ನಿಲ್ಲಲಿಲ್ಲ, ಅದು ನನಗೆ ಬಹಳ ಹಿಡಿಸಿತು. ಅಂಗಡಿಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟು ಆರು ಪೊಟ್ಟಣದವರೆಗೆ ಎರಡು ಸಾಲು ಬರೆದಳು. ಇಲ್ಲಿ 200, 400, 400, 600, 800, 800. ಅಲ್ಲಿ 140, 280, 420, 560, 700, 840. ಈ ಅಂಗಡಿ ಗೆಲ್ಲುವುದು ಮೂರಕ್ಕೆ ಮತ್ತು ಆರಕ್ಕೆ ಮಾತ್ರ. ಒಂದು, ಎರಡು, ನಾಲ್ಕು, ಐದು ಬೇಕಾದವರಿಗೆ ಶೇ 30ರ ಫಲಕವೇ ಲಾಭ. ರಿಯಾಯಿತಿ ಯಾವುದು ದೊಡ್ಡದು ಎಂಬುದನ್ನು ಫಲಕ ತೀರ್ಮಾನಿಸುವುದಿಲ್ಲ, ನಮಗೆ ಎಷ್ಟು ಬೇಕು ಎಂಬುದೇ ತೀರ್ಮಾನಿಸುತ್ತದೆ. ಅಂಗಡಿಯ ಕಾಕಾ ಕನ್ನಡಕ ಏರಿಸಿ ಆ ಎರಡು ಸಾಲುಗಳನ್ನು ಓದಿದರು. ‘ತಂಗಿ, ನೀನು ಹೇಳಿದ್ದು ಸರಿ. ಎರಡು ಬೇಕಾದವರು ಮೂರು ಒಯ್ಯಲಿ ಎಂದೇ ನಾವು ಹೀಗೆ ಇಡುವುದು’ ಎಂದರು. ಮುಚ್ಚುಮರೆ ಇಲ್ಲದ ಮಾತು. ಮೂರು ಪೊಟ್ಟಣ ಕಟ್ಟಿಸಿಕೊಂಡೆವು.

ಅಲ್ಲಿಂದ ಎರಡು ಅಂಗಡಿ ದಾಟಿದರೆ ಇನ್ನೊಂದು ಕಡೆ ಪ್ಲಾಸ್ಟಿಕ್ ತಟ್ಟೆ ತೋರಿಸಿದರು, ನೂರಕ್ಕೆ 110 ರೂಪಾಯಿ. ಬೆಲೆ ಕೇಳಿದರೆ ಬೇರೆ ಲೆಕ್ಕವೇ ಬೇಡ ಅನಿಸುತ್ತದೆ. ಆದರೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲ್ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲಿಯೇ ನಿಷಿದ್ಧ. ಅಕ್ಕನ ಊಟಕ್ಕೆ ಅದರಲ್ಲಿ ಬಡಿಸುವ ಮಾತೇ ಇಲ್ಲ. ಅವಳು ಶಾಲೆಯ ಅಂಗಳದಲ್ಲಿ ಮಕ್ಕಳ ಜೊತೆ ಪ್ಲಾಸ್ಟಿಕ್ ಹೆಕ್ಕಿದವಳು.

ಅದೇ ಸಾಲಿನ ಮತ್ತೊಂದು ಅಂಗಡಿಯಲ್ಲಿ ಬಣ್ಣದ ಕಾಗದದ ತೋರಣದ ಕಟ್ಟೊಂದಕ್ಕೆ ‘ಶೇ 65 ರಿಯಾಯಿತಿ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಕಟ್ಟಿನ ಮೇಲೆ 650 ರೂಪಾಯಿಯ ಬಿಳಿ ಚೀಟಿ. ಚೀಟಿಯ ಒಂದು ಮೂಲೆ ಎದ್ದಿತ್ತು, ಬಿಸಿಲಿಗೆ ಅಂಟು ಒಣಗಿ ಹಳದಿಯಾಗಿತ್ತು. ಮಗಳು ಉಗುರಿನಿಂದ ಇಷ್ಟೇ ಇಷ್ಟು ಎತ್ತಿದಳು. ಕೆಳಗೆ ಕಂಪನಿಯೇ ಮುದ್ರಿಸಿದ 500 ಕಾಣಿಸಿತು. ಮುದ್ರಿತ ಬೆಲೆಯನ್ನು ಇಳಿಸಲು ಚೀಟಿ ಅಂಟಿಸಬಹುದು, ಆಗಲೂ ಹಳೆಯ ಬೆಲೆ ಮುಚ್ಚಿಹೋಗಬಾರದು. ಏರಿಸಲು ಅಂಟಿಸುವಂತಿಲ್ಲ. ಪೊಟ್ಟಣ ಸಾಮಾನುಗಳ ಕುರಿತ ಕಾನೂನು ಮಾಪನ (ತೂಕ-ಅಳತೆ) ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೌಂಟರಿನಲ್ಲಿದ್ದವರಿಗೆ ತೋರಿಸಿದೆ, ಅವರು ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಇಟ್ಟರು, ಮಾತಾಡಲಿಲ್ಲ. ನನಗೆ ಸಿಟ್ಟು ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಸೋಮವಾರ ಕರೆ ಮಾಡುತ್ತೇನೆ. ಮಕ್ಕಳ ಹುಟ್ಟುಹಬ್ಬಕ್ಕೆಂದು ಎಣಿಸಿ ಎಣಿಸಿ ಹಣ ತರುವವರು ಆ ಕೆಂಪಕ್ಷರವನ್ನು ನಂಬುತ್ತಾರೆ.

ಸೇಡಂ ರಸ್ತೆಯ ಮಳಿಗೆಯಲ್ಲಿ ಅಂಥದೇ ತೋರಣ, ಬೆಲೆ 500, ಫಲಕದಲ್ಲಿ ‘ಶೇ 50 + ಶೇ 20’. ಮಗಳು ಎಪ್ಪತ್ತು ಎಂದು ಕೂಡಿಸಿ 150 ರೂಪಾಯಿ ಎಂದಳು. ‘ಎರಡನೆಯದು ಯಾವ ನೂರಕ್ಕೆ?’ ಎಂದು ಕೇಳಿದೆ. ನನ್ನ ಬಾಯಲ್ಲಿ ಅಕ್ಕನ ದನಿ ಬಂದಂತಾಯಿತು. ಅವಳು ತಡವರಿಸಿ, ತುಟಿ ಕಚ್ಚಿ, ಆಮೇಲೆ ಬರೆದಳು. ಐನೂರರ ಅರ್ಧ 250. ಇಪ್ಪತ್ತು ಸಿಗುವುದು ಈ ಉಳಿದ 250ರ ಮೇಲೆ, ಅಂದರೆ 50 ರೂಪಾಯಿ. ಕೊಡಬೇಕಾದ್ದು 200. ಒಟ್ಟು ಶೇ 60. ಮೊದಲು ಇಪ್ಪತ್ತು, ಆಮೇಲೆ ಐವತ್ತು ಕಳೆದರೆ? 400, ಮತ್ತೆ 200. ತಿರುಗಿಸಿದರೂ ಅದೇ ಬಂದದ್ದಕ್ಕೆ ಅವಳಿಗೆ ಆದ ಸಂತೋಷ ನೋಡಬೇಕಿತ್ತು. ಆ ಶೇ 65ರ ಅಂಗಡಿಯಲ್ಲಿ 650ಕ್ಕೆ ಕಳೆದು ಉಳಿಯುತ್ತಿದ್ದದ್ದು 227 ರೂಪಾಯಿ 50 ಪೈಸೆ.

ಕಾಗದದ ಲೋಟದಲ್ಲಿ ಇನ್ನೊಂದು ಸಂಗತಿ. ನೂರರ ದೊಡ್ಡ ಪೊಟ್ಟಣ 160, ಐವತ್ತರದ್ದು 75. ದೊಡ್ಡದೇ ಅಗ್ಗ ಎಂದು ಕೈ ತಾನಾಗಿ ಅತ್ತ ಹೋಗುತ್ತದೆ. ಒಂದಕ್ಕೆ ಎಷ್ಟು ಎಂಬ ಬಿಡಿ ದರವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಈಗ ಇದೆ, ಸಣ್ಣ ಅಕ್ಷರ ಓದಿದರೆ ಸಾಕು. ಐವತ್ತರದ್ದೇ ಎರಡು ತೆಗೆದುಕೊಂಡೆವು, 150. ಮರದ ಚಮಚ 90, ಟಿಶ್ಯೂ 120, ಶರಬತ್ತಿಗೆ 300, ತೋರಣ 200. ಒಟ್ಟು 860.

ಬಿಲ್ ಮಾಡುವ ಹುಡುಗ ‘ಸರ್, 999 ದಾಟಿದರೆ ನೂರು ರೂಪಾಯಿ ಕಡಿಮೆಯಾಗುತ್ತದೆ, ಏನಾದರೂ ಸೇರಿಸಿ’ ಎಂದ. ಬೇಡದ್ದನ್ನು 140 ರೂಪಾಯಿಗೆ ಕೊಂಡು ನೂರು ಉಳಿಸಿದರೆ ಕೈಯಿಂದ ನಲವತ್ತು ಹೋಗುತ್ತದೆ, ಮನೆಯಲ್ಲಿ ಬೇಡದ್ದೊಂದು ಉಳಿಯುತ್ತದೆ. ಬೇಡ ಎಂದೆ.

ಹಣ ಕೊಡಬೇಕು ಎನ್ನುವಾಗ ಅಕ್ಕನ ಕರೆ ಬಂತು. ‘ತಮ್ಮಾ, ನನ್ನ ತರಗತಿಯ ಮಕ್ಕಳು ತಾವೂ ಬರುತ್ತೇವೆ ಎಂದು ಹಟ ಹಿಡಿದಿವೆ. ಹದಿನೆಂಟು ಮಂದಿ. ಅವರಿಗೂ ಎಲೆ ಹಾಕಬೇಕು’ ಎಂದಳು. ದನಿ ಸ್ವಲ್ಪ ಒದ್ದೆಯಾಗಿತ್ತು. ನಾನು ಹೂಂ ಎಂದೆ, ಹೆಚ್ಚು ಮಾತಾಡಲು ಆಗಲಿಲ್ಲ.

68ಕ್ಕೆ 18 ಸೇರಿ 86. ತಟ್ಟೆ 75 ಇವೆ. ನಾಲ್ಕನೇ ಪೊಟ್ಟಣ ಬೇಕೇ ಬೇಕು, ಇಲ್ಲಿ ಅದರ ಬೆಲೆ 140! ಮಗಳಿಗೆ ನನಗಿಂತ ಮೊದಲು ಹೊಳೆಯಿತು. 860ಕ್ಕೆ 140 ಸೇರಿದರೆ ಸರಿಯಾಗಿ ಒಂದು ಸಾವಿರ, ನೂರು ಕಳೆದರೆ 900. ಐದು ನಿಮಿಷದ ಹಿಂದೆ ದಂಡವಾಗುತ್ತಿದ್ದ ಅದೇ ಕೊಡುಗೆಯಿಂದ ಇಪ್ಪತ್ತೈದು ತಟ್ಟೆ ನಲವತ್ತು ರೂಪಾಯಿಗೆ ಬಂದವು. ಬೇಕಾದದ್ದಕ್ಕೂ ಬೇಡದ್ದಕ್ಕೂ ಇರುವ ಅಂತರ ಇಷ್ಟು ನಿಚ್ಚಳವಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

ಅಕ್ಕ ನೌಕರಿಗೆ ಸೇರಿದ ಹೊಸತರಲ್ಲಿ ಸೇಡಂ ಕಡೆಯ ಹಳ್ಳಿಯಲ್ಲಿದ್ದಳು. ರಜೆಯಲ್ಲಿ ನಾನು ಅವಳ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಳಖೇಡದಲ್ಲಿ ಕಾಗಿಣಾ ನದಿ, ಕೋಟೆ ಕಂಡೊಡನೆ ಕಿಟಕಿಯತ್ತ ಕೈ ತೋರಿಸಿ ಹೇಳುತ್ತಿದ್ದಳು: ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ, ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತದ ಗ್ರಂಥ ಬರೆದ, ಅದರಲ್ಲಿ ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕವಿದೆ, ಇಷ್ಟು ಹಣಕ್ಕೆ ಇಷ್ಟು ಹಣ್ಣು ಎಂಬ ಪೇಟೆಯ ಲೆಕ್ಕಗಳೂ ಇವೆ. ಇಂದು ಮಳಿಗೆಯಿಂದ ಹೊರಬಂದು ಅದೇ ರಸ್ತೆಯ ಅಂಚಿನಲ್ಲಿ ಸ್ಕೂಟರಿಗೆ ಚೀಲ ಕಟ್ಟುವಾಗ ಮಗಳಿಗೆ ಇದನ್ನು ಹೇಳಿದೆ. ‘ಹಾಗಾದರೆ ಅವರೂ ಒಂದಕ್ಕೆ ಎಷ್ಟು ಎಂದೇ ನೋಡುತ್ತಿದ್ದರಾ?’ ಎಂದಳು. ಹೌದು ಎಂದೆ.

ಸಂಜೆ ಅಕ್ಕ ಬಂದಳು, ಅವ್ವನಿಗೆ ಶೇಂಗಾ ಹೋಳಿಗೆ ತಂದಿದ್ದಳು. ಮಗಳು ನೋಟ್‌ಬುಕ್ ಒಯ್ದು ಅತ್ತೆಯ ಮುಂದೆ ಇಟ್ಟಳು. ಸೂಪರ್ ಮಾರ್ಕೆಟ್‌ನಲ್ಲಿ 400, ಮಳಿಗೆಯಲ್ಲಿ 900, ಒಟ್ಟು 1300. ಅಕ್ಕ ಚೀಲದಿಂದ ಕೆಂಪು ಪೆನ್ನು ತೆಗೆದು ಮೊದಲಿನಿಂದ ಒಂದೊಂದೇ ಸಾಲು ನೋಡುತ್ತಾ ಬಂದಳು. ಬೆಳಗಿನ ಲೆಕ್ಕದ ಬಳಿ ಪೆನ್ನು ನಿಂತಿತು. ‘ಮೂರೇ ಪೊಟ್ಟಣ ಬೇಕು ಎಂದಿದ್ದಾಗ ತಟ್ಟೆಯನ್ನಷ್ಟೇ ಹೋಲಿಸಿದ್ದೀರಿ. ಪೂರ್ತಿ ಪಟ್ಟಿಯನ್ನು ಯಾಕೆ ಹೋಲಿಸಲಿಲ್ಲ?’

ನಾವಿಬ್ಬರೂ ಬಗ್ಗಿ ನೋಡಿದೆವು. ಮೂರನ್ನೂ ಮಳಿಗೆಯಲ್ಲಿ ಕೊಂಡಿದ್ದರೆ 860ಕ್ಕೆ 420 ಸೇರಿ 1280, ನೂರು ಕಳೆದು 1180. ನಾವು ಹೊರಟಿದ್ದ ದಾರಿಯಲ್ಲಿ 1260 ಆಗುತ್ತಿತ್ತು. ಅಂಗಡಿಯ ಕಟ್ಟೆಯ ಮೇಲೆ ಇಪ್ಪತ್ತು ರೂಪಾಯಿ ಗೆದ್ದೆವೆಂದು ನಾನು ತಿಳಿದಿದ್ದಾಗ ಎಂಬತ್ತು ಕಳೆಯುತ್ತಿದ್ದೆವು. ಬಿಲ್ಲಿನ ಮೊತ್ತದ ಮೇಲೆ ಕೊಡುಗೆ ಇದ್ದರೆ ಒಂದು ಸಾಮಾನನ್ನು ಬಿಡಿಸಿ ನೋಡುವುದು ಸಾಲದು, ಇದು ನನಗೆ ಹೊಳೆದಿರಲಿಲ್ಲ. ‘ಈಗ ನಾಲ್ಕು ಪೊಟ್ಟಣಕ್ಕೆ?’ ಎಂದು ಮಗಳು ಅವಸರವಾಗಿ ಬರೆದಳು. ನಾಲ್ಕನ್ನೂ ಮಳಿಗೆಯಲ್ಲಿ ಕೊಂಡಿದ್ದರೆ 1320. ನಮ್ಮದು 1300. ಹದಿನೆಂಟು ಮಕ್ಕಳು ಬರುತ್ತೇವೆ ಎಂದದ್ದರಿಂದ ನಮ್ಮ ಲೆಕ್ಕ ಸರಿಯಾಯಿತು.

ಅಕ್ಕ 1300ರ ಪಕ್ಕದಲ್ಲಿ ಸರಿ ಗುರುತು ಹಾಕಿ, ಅದರ ಕೆಳಗೆ ಅರ್ಧ ಅಂಕ ಕಳೆದಳು.

‘ಯಾಕೆ ಅತ್ತೆ?’

‘ಸಾವಿರದ ಮುನ್ನೂರು ಏನು? ತಟ್ಟೆಯೋ, ಲೋಟವೋ?’

ಮಗಳು ಪೆನ್ನು ಇಸಿದುಕೊಂಡು ಅಂಕೆಯ ಹಿಂದೆ ‘ರೂ.’ ಎಂದು ಬರೆದಳು.